ಉದ್ದ ಇದ್ದವರು ಮೊದಲು

ಫೆಬ್ರವರಿಯ ಕೊನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ತಿ. ನರಸೀಪುರದಿಂದ ಮುಡುಕುತೊರೆ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸಿಗುವ ಎಮ್ಮೆಬಂಡೆಯ ಬುಡ. ಹಾಜರಿದ್ದವರು ಮೂವರು: ನಾನು, ನನ್ನ ಗೆಳತಿ, ಅವಳ ಯಜಮಾನರು.

ನಂಜನಗೂಡಿನಿಂದ ಮೊದಲ ಬಸ್ಸಿಗೆ ನಾನು ನರಸೀಪುರಕ್ಕೆ ಬಂದಿದ್ದೆ. ಅಲ್ಲಿಂದ ಮುಂದೆ ಅವರ ಗೂಡ್ಸ್ ಆಟೊ. ವಾರವೆಲ್ಲ ಹಾಲಿನ ಕ್ಯಾನು ಹೊರುವ ಗಾಡಿ ಅದು. ಹಿಂದೆ ಕೂತವರ ಬಟ್ಟೆಗೆ ಹಾಲಿನ ವಾಸನೆ ಹತ್ತದೆ ಇರುವುದಿಲ್ಲ. ಹಗ್ಗದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹಗ್ಗವನ್ನು ಕಾಲ ಬಳಿ ಇಡಬಾರದು ಎನ್ನುವುದು ನಮಗೆ ಹರೆಯದಲ್ಲೇ ಬಂದ ಪಾಠ.

ಆ ಪಾಠ ಹೇಳಿದವರು ಒಬ್ಬ ನಿವೃತ್ತ ಹವಾಲ್ದಾರರು. ನಾವಿಬ್ಬರೂ ಮೈಸೂರಿನಲ್ಲಿ ಓದುವಾಗ ಕಾಲೇಜಿನ ಕೆಡೆಟ್ ಹುಡುಗಿಯರಿಗೆ ಬಂಡೆ ಹತ್ತುವುದನ್ನು ಕಲಿಸಿದವರು ಅವರೇ. ಹಗ್ಗ ತುಳಿದವಳು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಗಂಟನ್ನು ಒಬ್ಬಳು ಹಾಕಿದರೆ ಇನ್ನೊಬ್ಬಳು ನೋಡಬೇಕಿತ್ತು. ಯಾರು ಮೊದಲು ಹತ್ತಬೇಕು ಎಂಬುದಕ್ಕೂ ಅವರ ಬಳಿ ಒಂದು ರೂಲು ಇತ್ತು: ಉದ್ದ ಇದ್ದವರು ಮೊದಲು. ಕೈ ಮೇಲಕ್ಕೆ ಎಟುಕುತ್ತದೆ ಎನ್ನುವುದಷ್ಟೇ ಕಾರಣ. ನಮ್ಮ ಜೋಡಿಯಲ್ಲಿ ನಾನು ಅವಳಿಗಿಂತ ಒಂದು ಬೆರಳು ಉದ್ದ. ಹಾಗಾಗಿ ಅಂದಿನಿಂದ ಪ್ರತಿ ಬಂಡೆಯಲ್ಲೂ ನಾನು ಮೊದಲು, ಅವಳು ಎರಡನೆಯವಳು.

ಬಂಡೆ ಹತ್ತದವರಿಗೆ ಇದರಲ್ಲಿ ಏನು ವ್ಯತ್ಯಾಸ ಎನಿಸಬಹುದು. ಮೊದಲು ಹತ್ತುವವಳನ್ನು ಮೇಲಿನಿಂದ ಹಿಡಿದ ಹಗ್ಗ ಇರುವುದಿಲ್ಲ. ಹಗ್ಗ ಅವಳ ಸೊಂಟದಿಂದ ಕೆಳಕ್ಕೆ ಇಳಿದಿರುತ್ತದೆ. ದಾರಿಯಲ್ಲಿ ಬಂಡೆಗೆ ಜಡಿದ ಕಬ್ಬಿಣದ ಕೊಂಡಿಗಳಿಗೆ ಅದನ್ನು ಸಿಕ್ಕಿಸುತ್ತ ಹೋಗಬೇಕು. ಜಾರಿದರೆ ಹಿಂದಿನ ಕೊಂಡಿಗಿಂತಲೂ ಕೆಳಕ್ಕೆ ಬಿದ್ದ ಮೇಲೆಯೇ ಹಗ್ಗ ತಡೆಯುವುದು. ಎರಡನೆಯವಳು ಕೆಳಗೆ ನಿಂತು ಹಗ್ಗ ಬಿಡುತ್ತಿರುತ್ತಾಳೆ. ಮೊದಲಿನವಳು ತುದಿಯಲ್ಲಿ ಕೂತು ಹಗ್ಗ ಎಳೆದುಕೊಂಡ ಮೇಲೆ ಇವಳ ಸರದಿ. ಇವಳಿಗೆ ಹಗ್ಗ ಮೇಲಿನಿಂದ ಬಿಗಿಯಾಗಿರುತ್ತದೆ, ಜಾರಿದರೂ ಭಯವಿಲ್ಲ. ಆದರೆ ಇವಳು ತಲುಪುವ ಹೊತ್ತಿಗೆ ಅಲ್ಲಿ ಆಗಲೇ ಒಬ್ಬಳು ಕೂತಿರುತ್ತಾಳೆ. ಯಾರೂ ಇಲ್ಲದ ತುದಿ ಇವಳಿಗೆ ಸಿಗುವುದಿಲ್ಲ. ಇಳಿಯುವಾಗ ಹಗ್ಗ ಹೊರುವ ಕೆಲಸವೂ ಇವಳದೇ.

ಮದುವೆ, ಕೆಲಸ, ಮಕ್ಕಳು ಎಂದು ಬಂಡೆ ಬಿಟ್ಟುಹೋಯಿತು. ನಂಜನಗೂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಪಿ.ಟಿ. ಟೀಚರಾಗಿ ಸೀಟಿ ಊದಿದೆ. ಅವಳು ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿ ಹಾಲು ಹಾಕಿದಳು. ನಿವೃತ್ತಿಯ ಹಣದಲ್ಲಿ ನಾನು ಹೊಸ ಹಗ್ಗ ತರಿಸಿದೆ ಎಂದು ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು, ಯಾವತ್ತು ಬರಲಿ ಎಂದು. ಅವಳ ಯಜಮಾನರು ಮಾತ್ರ, ನಮ್ಮನೆಯಲ್ಲಿ ಇಷ್ಟು ದಿನ ಹಸುಗಳಿಗಷ್ಟೇ ಹಗ್ಗವಿತ್ತು, ಈಗ ಇವಳಿಗೂ ಒಂದು ಬಂತು ಎಂದು ಊರೆಲ್ಲ ಹೇಳಿಕೊಂಡು ಬಂದರು. ಹೇಳಿದವರೇ ಪ್ರತಿ ಸಲ ಗಾಡಿ ಓಡಿಸಿಕೊಂಡು ಬರುವವರೂ ಹೌದು.

ಆ ಭಾನುವಾರ ಮಾತ್ರ ಬೇರೆಯಾಗಿತ್ತು. ಮುಂದಿನ ವಾರ ಅವಳ ಬಲಗೈಗೆ ಆಪರೇಷನ್. ವರ್ಷಗಟ್ಟಲೆ ಹಾಲು ಕರೆದು ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿತ್ತು. ಆಮೇಲೆ ಸಾರು ಕಲಸಿ ಉಣ್ಣಬಹುದು, ಬಟ್ಟೆ ಮಡಿಸಬಹುದು, ಹಾಲು ಕರೆಯುವಂತಿಲ್ಲ ಎಂದಿದ್ದರು ಡಾಕ್ಟರು. ಬಂಡೆ ಹತ್ತಬಹುದೇ ಎಂದು ಇವಳು ಕೇಳಿದಳಂತೆ. ಅವರು ತಲೆಯೆತ್ತಿ ಇವಳ ಜೊತೆ ಬಂದಿದ್ದ ಯಜಮಾನರ ಮುಖ ನೋಡಿದರಂತೆ.

ಬುಡದಲ್ಲಿ ನಿಂತು ನಾನು ಹಗ್ಗ ಕಟ್ಟುವ ಸೊಂಟದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೆ. ಮೊದಲು ಹತ್ತುವವಳು ಕಟ್ಟಿಕೊಳ್ಳುವ ಹಗ್ಗದ ತುದಿಯನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡಳು.

"ಇವತ್ತು ನಾನು ಮೊದ್ಲು ಹತ್ತೀನಿ ಕಣೇ."

ಕೈ ನೋವಿರುವಾಗ ಎರಡನೆಯವಳಾಗಿ ಬರುವುದೇ ಸರಿ ಎಂದೆ. ಮೇಲೆ ಉಬ್ಬಿನ ಆಚೆ ಒಂದು ಬಿರುಕಿದೆ, ಅಲ್ಲಿ ಬಲಗೈ ಹಾಕಿಯೇ ಏಳಬೇಕು ಎಂದೆ. ಅವಳು ಹಗ್ಗ ಬಿಡಲಿಲ್ಲ. ಕೊನೆಗೆ, ಹವಾಲ್ದಾರರ ರೂಲು ಮರೆತೆಯಾ ಎಂದುಬಿಟ್ಟೆ.

"ರೂಲ್ ತಾನೇ? ಬಾ, ಅಳೆಯೋಣ."

ಸಮತಟ್ಟಾದ ಕಲ್ಲಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಟಿಫನ್ ಕ್ಯಾರಿಯರಿನ ಮುಚ್ಚಳ ತೆಗೆದು ಯಜಮಾನರು ನಮ್ಮಿಬ್ಬರ ತಲೆಯ ಮೇಲಿಟ್ಟು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಮುಚ್ಚಳ ನಿಮ್ ಕಡೀಕೇ ವಾಲ್ತಾ ಅದೆ ಟೀಚರಮ್ಮ."

ಗಂಡ ಹೆಂಡತಿಯ ಪರ ನಿಲ್ಲುವುದು ಸಹಜ ಎಂದು ನಾನು ಒಪ್ಪಲಿಲ್ಲ. ಇಬ್ಬರ ಶೂ ಬಿಚ್ಚಿಸಿದೆ. ಅವಳ ತುರುಬು ಬಿಚ್ಚಿಸಿದೆ. ಮತ್ತೆ ಅಳೆಸಿದೆ. ಮುಚ್ಚಳ ಜಾರಿ ನನ್ನ ಭುಜಕ್ಕೇ ಬಿತ್ತು.

ಬೆನ್ನಿನ ಮೂಳೆ ಸ್ವಲ್ಪ ಕುಸಿದಿದೆ ಎಂದು ಹಿಂದಿನ ವರ್ಷ ನನ್ನ ಡಾಕ್ಟರು ಹೇಳಿದ್ದರು. ನಾನು ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದವಳು ನಾನು. ನನ್ನ ಜಾಗ ಬದಲಾಗಿದ್ದು ನನಗೇ ತಿಳಿದಿರಲಿಲ್ಲ. ರೂಲು ರೂಲೇ. ಅವಳ ಬೆಲ್ಟಿಗೆ ಹಗ್ಗದ ಗಂಟು ಅವಳೇ ಹಾಕಿಕೊಂಡಳು, ನಾನು ನೋಡಿದೆ. ಇನ್ನೊಮ್ಮೆ ನೋಡಿದೆ.

"ಮೇಲಕ್ಕೆ ಹೋದ್ಮೇಲೆ ಕೆಳಗಿಂದ ಪಾಠ ಮಾಡ್ಬೇಡ," ಎಂದು ಹೇಳಿ ಬಂಡೆಗೆ ಕೈಯಿಟ್ಟಳು.

ಎಮ್ಮೆಬಂಡೆ ದೊಡ್ಡದೇನಲ್ಲ. ಹಿಂದಿನಿಂದ ಆಡು ಮೇಯಿಸುವವರು ನಡೆದೇ ಹತ್ತುತ್ತಾರೆ. ಮುಂದಿನ ಮೈ ಮಾತ್ರ ಓರೆಯಾಗಿ ನುಣುಪಾಗಿ ಏರಿ ನಡುವೆ ಹೊಟ್ಟೆಯ ಹಾಗೆ ಉಬ್ಬಿಕೊಂಡಿದೆ. ಉಬ್ಬು ದಾಟಿದವರು ಕೆಳಗಿನವರಿಗೆ ಕಾಣುವುದಿಲ್ಲ. ನಮ್ಮ ಕಾಲದಲ್ಲಿ ಅದರಲ್ಲಿ ಕೊಂಡಿಗಳಿರಲಿಲ್ಲ. ಈಚೆಗೆ ಮೈಸೂರಿನ ಹುಡುಗರು ಬಂದು ಕೆಲವನ್ನು ಜಡಿದು ಹೋಗಿದ್ದಾರೆ.

ಯಜಮಾನರು ಬೇವಿನ ಮರದ ಕೆಳಗೆ ಬಂಡೆಗೆ ಬೆನ್ನು ಮಾಡಿ ಕೂತರು. ಅವರು ಯಾವಾಗಲೂ ಹಾಗೆಯೇ. ಹೆಂಡತಿ ಹತ್ತುವುದನ್ನು ಒಂದು ದಿನವೂ ನೋಡಿದವರಲ್ಲ. ತಮ್ಮ ಆಟೊದ ಚಕ್ರವನ್ನೇ ನೋಡುತ್ತ ಆಗಾಗ ಕೇಳುತ್ತಿದ್ದರು.

"ಎಲ್ಲಿಗೋದ್ಲು?"

ಎರಡನೆಯ ಕೊಂಡಿ ದಾಟಿದಳು ಎಂದೆ. ಉಬ್ಬಿನ ಹತ್ತಿರ ಇದ್ದಾಳೆ ಎಂದೆ. ಆಮೇಲೆ ಹೇಳಲು ಏನೂ ಇರಲಿಲ್ಲ. ಅವಳ ಹಿಮ್ಮಡಿ ಉಬ್ಬಿನ ಮೇಲೆ ಮರೆಯಾಯಿತು. ನನ್ನ ಪಾಲಿಗೆ ಹಗ್ಗವೊಂದೇ ಉಳಿಯಿತು.

ಕೆಳಗೆ ನಿಲ್ಲುವುದು ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಕುತ್ತಿಗೆ ನೋಯುತ್ತದೆ. ಕಣ್ಣಿಗೆ ಕಲ್ಲಿನ ಪುಡಿ ಬೀಳುತ್ತದೆ. ಬೆರಳುಗಳ ನಡುವೆ ಹಗ್ಗ ಗೇಣು ಗೇಣಾಗಿ ಸರಿಯುತ್ತಿರುತ್ತದೆ, ಅದು ಸರಿಯುವವರೆಗೆ ಲೋಕವೆಲ್ಲ ಸರಿಯಾಗಿರುತ್ತದೆ. ಅವಳದು ನಿಧಾನ, ಒಂದೇ ಸಮ. ಆಮೇಲೆ ನಿಂತಿತು.

ಬಿರುಕು ಅಲ್ಲೇ ಇತ್ತು. ಬಲಗೈ ಮುಷ್ಟಿಯನ್ನು ಒಳಗೆ ತೂರಿಸಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಎಡಗಾಲು ಎತ್ತಬೇಕು. ನಾನು ಪ್ರತಿ ಸಲ ಹಾಗೇ ದಾಟಿದ್ದೆ. ಅವಳ ಕೆಳಗಿನ ಕೊಂಡಿ ಉಬ್ಬಿನ ಅಂಚಿನಲ್ಲಿತ್ತು. ಜಾರಿದರೆ ಆ ನುಣುಪು ಕಲ್ಲಿನ ಮೇಲೆ ಉಜ್ಜಿಕೊಂಡು ಬರುತ್ತಾಳೆ.

"ಎಲ್ಲಿಗೋದ್ಲು ಟೀಚರಮ್ಮ?"

ಅಲ್ಲೇ ಇದ್ದಾಳೆ ಎಂದೆ.

ಹಗ್ಗ ಒಂದಿಷ್ಟು ಮೇಲಕ್ಕೆ ಹೋಗಿ ಅಷ್ಟೇ ಹಿಂದಕ್ಕೆ ಬಂತು. ಪ್ರಯತ್ನಿಸಿ ಬಿಟ್ಟಿದ್ದಳು. ಕೂಗಿ ಹೇಳಬೇಕಾದ ಮಾತುಗಳೆಲ್ಲ ಬಾಯಿಗೆ ಬಂದವು: ಕಾಲು ನಂಬು, ಹೊಟ್ಟೆ ಕಲ್ಲಿನಿಂದ ದೂರ ಇಡು, ಕೈ ನೋವಾದರೆ ವಾಪಸ್ ಬಾ. ಹಲ್ಲು ಕಚ್ಚಿ ನಿಂತೆ. ಆಗ ಹಗ್ಗ ನಡುಗಿತು. ಗಾಳಿಗೆ ಅಲುಗುವುದು ಬೇರೆ. ಇದು ಸಣ್ಣ, ಒಂದೇ ಸಮನೆ ಬರುವ ನಡುಕ. ಆ ತುದಿಯ ಕಾಲು ನಡುಗುತ್ತಿರುವುದು ಈ ತುದಿಯ ಬೆರಳಿಗೆ ಬಂದು ಮುಟ್ಟುತ್ತಿತ್ತು. ಮರುಗಳಿಗೆಗೆ ಒಂದು ಮಾರು ಹಗ್ಗ ಸರಕ್ಕನೆ ಮೇಲೆ ಹೋಯಿತು. ಇನ್ನೊಂದು ಮಾರು. ಆಮೇಲೆ ಮೇಲಿನಿಂದ ದನಿ ಬಂತು, ತೀರಾ ಸಾಮಾನ್ಯವಾಗಿ, ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದವಳ ಹಾಗೆ.

"ಬಂದೆ ಕಣೇ."

ಯಜಮಾನರು ಆಗಲೂ ತಿರುಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, ಬಿಸಿಲು ಜಾಸ್ತಿ ಆಯಿತು ಎಂದರು. ಬಿಸಿಲು ಇನ್ನೂ ಮರದ ಮೇಲಕ್ಕೂ ಬಂದಿರಲಿಲ್ಲ.

ನನ್ನ ಸರದಿ ಬಂತು. ಮೇಲಿನಿಂದ ಹಗ್ಗ ಹಿತವಾಗಿ ಬಿಗಿದಿತ್ತು. ಉಬ್ಬು ದಾಟಿ ಬಿರುಕಿನಲ್ಲಿ ಬಲಗೈ ಸಿಕ್ಕಿಸಿ ತಲೆಯೆತ್ತಿದರೆ ಅವಳು ಕಂಡಳು. ಕಾಲು ಚಾಚಿ ಹಿಮ್ಮಡಿ ಊರಿ, ಬಿಚ್ಚಿದ ಕೂದಲು ಮುಖಕ್ಕೆ ಹಾರುತ್ತಿದ್ದರೂ ಕೈ ಬಿಡದೆ ಹಗ್ಗ ಎಳೆದುಕೊಳ್ಳುತ್ತಿದ್ದಳು. ಅವಳ ಹಿಂದೆ ಬರೀ ಆಕಾಶ. ಇಷ್ಟು ವರ್ಷ ನನ್ನನ್ನು ಅವಳು ಹೀಗೆ ನೋಡುತ್ತ ಬಂದಿದ್ದಳಲ್ಲ ಎನಿಸಿತು.

ಪಕ್ಕದಲ್ಲಿ ಕೂತ ಮೇಲೆ ಕೈ ತೋರಿಸು ಎಂದೆ. ಅವಳು ತೋರಿಸಿದ್ದು ಎಡಗೈ. ಅಂಗೈ ತರಚಿತ್ತು. ಬಿರುಕಿಗೆ ಎಡಗೈಯನ್ನು ತಿರುವಿ ಹಾಕಿ ಬಲಗಾಲಿನ ಮೇಲೆ ಎದ್ದಿದ್ದಳು. ಹಾಗೂ ಹತ್ತಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕಾಲೇಜಿನ ದಿನಗಳಿಂದಲೇ ಅದನ್ನು ಮಾಡಿ ನೋಡಿದ್ದಳಂತೆ. ಎರಡನೆಯವಳಿಗೆ ಬೀಳುವ ಭಯ ಇಲ್ಲವಲ್ಲ, ಬೇಕಾದ ಆಟವೆಲ್ಲ ಆಡಬಹುದು ಎಂದಳು.

ಕೆಳಗೆ ಗದ್ದೆಗಳು, ಆಚೆ ಕಾವೇರಿಯ ಮರಳು, ಮುಡುಕುತೊರೆಯ ಬೆಟ್ಟ. ಹಳೆಯ ಮಾತುಗಳು ತಾವಾಗಿ ಬಂದವು. ಅಂದಿನ ಮನಿಲಾ ನಾರಿನ ಹಗ್ಗ ಮಳೆಯಲ್ಲಿ ನೆನೆದು ಬಿದಿರಿನಂತೆ ಸೆಟೆದುಕೊಳ್ಳುತ್ತಿದ್ದುದು. ಬೆಲ್ಟಿಲ್ಲದೆ ಅದನ್ನೇ ಸೊಂಟಕ್ಕೆ ಬಿಗಿದುಕೊಂಡು ಸ್ನಾನದ ಹೊತ್ತಿಗೆ ಬರೆ ಎಣಿಸಿಕೊಳ್ಳುತ್ತಿದ್ದುದು. ಅವಳ ಖಾಕಿ ಪ್ಯಾಂಟನ್ನು ಅವಳ ಅವ್ವ ಯಾರೋ ಗಂಡಸರದ್ದೆಂದು ತಿಳಿದು ಗದ್ದೆಯ ಬೆದರುಬೊಂಬೆಗೆ ತೊಡಿಸಿದ್ದು; ಭಾನುವಾರ ಬೆಳಿಗ್ಗೆ ಇವಳು ಬೊಂಬೆಯ ಪ್ಯಾಂಟು ಬಿಚ್ಚಿಕೊಂಡು ಬಸ್ಸಿಗೆ ಓಡಿಬಂದದ್ದು. ನಗುತ್ತ ನಗುತ್ತಲೇ ನಾನು ಹೇಳಿದೆ, ಬಿರುಕಿನ ಹತ್ತಿರ ನಿನ್ನ ಹಗ್ಗ ನಡುಗಿತು ಎಂದು.

"ನಿಂದೂ ಯಾವಾಗ್ಲೂ ಅಲ್ಲೇ ನಡುಗೋದು."

ಕಾಲೇಜಿನಲ್ಲಿ ನನಗೆ ಭಯವೇ ಇಲ್ಲ ಎಂದು ಹೆಸರಿತ್ತು. ಹವಾಲ್ದಾರರು ಎಲ್ಲರ ಮುಂದೆ ಹಾಗೆಂದೇ ಹೇಳುತ್ತಿದ್ದರು. ಅದನ್ನೇ ನಂಬಿ ನಾನೂ ಬದುಕಿದ್ದೆ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹತ್ತುತ್ತಿದ್ಯಾ?" ಎಂದಳು. ಆಮೇಲೆ, ಯಾರೋ ಒಬ್ಬರು ಮೊದಲು ಹತ್ತಲೇಬೇಕಿತ್ತಲ್ಲ ಎಂದು ಸೇರಿಸಿ ಕೂದಲು ಗಂಟು ಹಾಕಿಕೊಳ್ಳಲು ನೋಡಿದಳು. ಹೆಬ್ಬೆರಳು ಬಗ್ಗಲಿಲ್ಲ. ನಾನು ಅವಳ ಹಿಂದೆ ಕೂತು ತುರುಬು ಕಟ್ಟಿದೆ.

ಹಿಂದಿನ ದಾರಿಯಲ್ಲಿ ಇಳಿದೆವು. ಹಗ್ಗ ನಾನು ಹೊತ್ತೆ. ಬೇವಿನ ಕೆಳಗೆ ಕೂತು ಇಡ್ಲಿ ತಿನ್ನುವಾಗ ಮುಂದಿನದನ್ನು ಗೊತ್ತು ಮಾಡಿದೆವು. ಆಪರೇಷನ್ ದಿನ ನಾನು ಮೈಸೂರಿಗೆ ಬರುವುದು, ಸೀಟಿ ತರದೆ. ಆಮೇಲೆ ಬಂಡೆಗೆ ಬರುವಾಗ ನಂಜನಗೂಡಿನ ನನ್ನ ಹಳೆಯ ಶಿಷ್ಯೆಯೊಬ್ಬಳು ಕೆಳಗೆ ನಿಂತು ಹಗ್ಗ ಹಿಡಿಯುವುದು. ಗೆಳತಿ ಮರದ ಕೆಳಗೆ ಯಜಮಾನರ ಪಕ್ಕ ಕೂರುವುದು.

"ನಾನೇನು ನಿಮ್ಮಂಗೆ ಬೆನ್ನು ಮಾಡಿ ಕೂರಲ್ಲ ಕಣ್ರೀ," ಎಂದಳು ಯಜಮಾನರಿಗೆ. "ಇವಳ ತಪ್ಪೆಲ್ಲ ನೋಡಿ ನಿಮಗೆ ಯೋಳ್ತೀನಿ."

ಹಾಗಾದರೆ ನೀನೇ ಹೇಳು, ನಾನು ಚಕ್ರವನ್ನೇ ನೋಡುತ್ತೇನೆ ಎಂದರು ಅವರು.

ಸಂಜೆ ನಂಜನಗೂಡಿನ ಮನೆಯಲ್ಲಿ ಹಗ್ಗವನ್ನು ಹಜಾರದಲ್ಲಿ ಹರಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ ನೋಡಿದೆ. ಎಲ್ಲೂ ಎಳೆ ಸವೆದಿರಲಿಲ್ಲ. ಸುರುಳಿ ಸುತ್ತಿ ಮೊಳೆಗೆ ನೇತು ಹಾಕಲು ಹೋದಾಗ ಹಿಮ್ಮಡಿ ತಾನಾಗಿ ಮೇಲೆದ್ದಿತು. ಎಷ್ಟು ದಿನದಿಂದ ಹೀಗೆ ಮೇಲೇಳುತ್ತಿತ್ತೋ. ಸುತ್ತಿಗೆ ತಂದೆ. ಮೊಳೆ ಕಿತ್ತು, ಸ್ವಲ್ಪ ಕೆಳಗೆ ಮತ್ತೆ ಹೊಡೆದು, ಹಗ್ಗ ನೇತು ಹಾಕಿ, ಹಳೆಯ ತೂತಿಗೆ ಸುಣ್ಣ ತುಂಬಿದೆ.