ಹತ್ತಿ ಗಿಡಕ್ಕೆ ಬಳಿದ ಕೆಮ್ಮಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೆಸರಘಟ್ಟದ ಕಡೆ ಒಂದು ಸಂಶೋಧನಾ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದೆ. ವಾಸ ಮತ್ತಿಕೆರೆಯಲ್ಲಿ, ಒಂಟಿ ಹೆಂಗಸೊಬ್ಬರ ಮನೆಯ ಹಿಂದಿನ ಕೋಣೆ. ಧಾರವಾಡದ ಕಡೆಯವಳು ನಾನು. ಬಾಯಿ ಬಿಟ್ಟರೆ ಆಫೀಸಿನಲ್ಲಿ ನಗು. "ನಿಮ್ ಕನ್ನಡ ಕೇಳಿದ್ರೆ ಜಗಳಕ್ಕೆ ಬಂದಂಗಿರುತ್ತೆ ಕಣ್ರೀ" ಅಂದಳು ಪಕ್ಕದ ಮೇಜಿನವಳು. ನಗ್ರವಾ, ನಗ್ರಿ ಅಂತ ನಾನು ಮಾತನ್ನೇ ಬಿಟ್ಟೆ. ಮನೆಗೆ ಬಂದರೂ ಅಷ್ಟೇ, ಓನರಮ್ಮನಿಗೆ ಒಮ್ಮೆ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಆ ಕೋಣೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಚಿತ್ರ. ಆಫೀಸಿನಲ್ಲಿ ಎಸೆಯಲು ಇಟ್ಟಿದ್ದ ಪರದೇಶಿ ಕ್ಯಾಲೆಂಡರಿನ ಹಾಳೆ, ಕೇಳಿ ತಂದು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದೆ. ಹದಿನೆಂಟನೆಯ ಶತಮಾನದಲ್ಲಿ ಯಾರೋ ಜಲವರ್ಣದಲ್ಲಿ ಬರೆದ ಹತ್ತಿ ಗಿಡ. ಹಳದಿ ಹೂ, ಅದರೊಳಗೆ ಕಡುಗೆಂಪು ಮಚ್ಚೆ, ಕೆಳಗಿನ ಟೊಂಗೆಯಲ್ಲಿ ಒಡೆದ ಕಾಯಿ. ಎಲೆಯ ಒಂದು ನರವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಬೇರನ್ನೂ ಬರೆದಿದ್ದ, ಮಣ್ಣು ಮಾತ್ರ ಬರೆದಿರಲಿಲ್ಲ. ಬಿಳಿ ಹಾಳೆಯ ನಡುವೆ ಗಿಡವೊಂದೇ ನಿಂತಿತ್ತು. ನಮ್ಮ ಹೊಲದ ಹೂವೇ ಅದು. ಸಂಜೆ ಅದರೆದುರು ಕೂತು, "ಏನವಾ, ಊಟ ಆತೇನು?" ಅನ್ನುತ್ತಿದ್ದೆ. ಹುಚ್ಚು ಅನ್ನಿ ಬೇಕಾದರೆ. ನನ್ನನ್ನು ಆ ಮಾತು ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಗಣೇಶನ ಹಬ್ಬಕ್ಕೆ ಕೀಲಿಯನ್ನು ಓನರಮ್ಮನಿಗೆ ಕೊಟ್ಟು ಊರಿಗೆ ಹೋದೆ. ಸಾಕಪ್ಪಾ ಬೆಂಗಳೂರಿನ ಸಹವಾಸ, ಕೆಲಸ ಬಿಟ್ಟು ಟ್ರಂಕು ತಂದುಬಿಡೋಣ ಅಂತ ಅಲ್ಲೇ ನಿರ್ಧರಿಸಿದೆ. ಯಶವಂತಪುರದಲ್ಲಿ ರೈಲಿಳಿದು, ಮನೆಗೆ ಬಂದು, ಕೀಲಿ ಇಸಿದುಕೊಂಡು ಬಾಗಿಲು ತೆಗೆದೆ. ಚಿತ್ರದಲ್ಲಿ ಗಿಡದ ಬೇರಿನ ಮೇಲೆ ಕೆಂಪು ಪಟ್ಟೆ! ಹಬ್ಬಕ್ಕೆ ಹೊಸ್ತಿಲಿಗೂ ತುಳಸಿ ಕಟ್ಟೆಗೂ ಬಳಿಯುವ ಕೆಮ್ಮಣ್ಣು.

"ಯಾರ್ ಹೇಳಿದ್ರು ನಿಮಗ ಇದನ್ನ ಮುಟ್ಟಾಕ? ನಂದಂತ ಇಲ್ಲಿ ಇದೊಂದು ಇತ್ತು, ಅದನ್ನೂ ಹಾಳ ಮಾಡಿದ್ರಲ್ರೀ!" ಅಂತ ಕೂಗಿದೆ.

ಓನರಮ್ಮ ಓಡಿ ಬಂದರು. "ನಿನ್ನ ಹೊಸ್ತಿಲಿಗೆ ಬಳೀತಿದ್ದೆ ಕಣಮ್ಮ. ನೋಡಿದ್ರೆ, ಪಾಪ, ಗಿಡಕ್ಕೆ ನೆಲಾನೇ ಇಲ್ಲ. ಹಬ್ಬದ ದಿನ ಹಂಗೆ ಗಾಳೀಲಿ ಬಿಡೋದಾ ಅನ್ನಿಸ್ತು."

"ಕೆಂಪ ಮಣ್ಣಲ್ರೀ ಇದರದು! ನಮ್ಮ ಕಡೆ ಹತ್ತಿ ಹೊಲ ಕರ್ರಗ ಇರ್ತೈತಿ, ಕರ್ರಗ!"

ಅವರು ಹತ್ತಿರ ಬಂದು ಪಟ್ಟೆ ನೋಡಿದರು. "ಗೊತ್ತಿದ್ರೆ ಮಸಿ ಕಲಸಿ ಬಳೀತಿದ್ದೆ. ಒಂದಿನಾನೂ ನೀನು ಹೇಳ್ಲಿಲ್ವಲ್ಲಮ್ಮ."

"ನೀವು ಒಂದ ದಿನಾನೂ ಕೇಳಲಿಲ್ಲಲ್ರೀ."

ಎಷ್ಟು ತಿಂಗಳಿನಿಂದ ತಡೆದಿದ್ದೆನೋ, ಟ್ರಂಕಿನ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ಓನರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಮೆಲ್ಲಗೆ, "ಊಟ ಆಯ್ತಾ?" ಅಂದರು.

"ಇಲ್ರೀ" ಅಂದೆ. ಟ್ರಂಕನ್ನು ಮಂಚದ ಕೆಳಗೆ ತಳ್ಳಿ ಅವರ ಹಿಂದೆ ಅಡುಗೆಮನೆಗೆ ಹೋದೆ.