ಆ ದಿನ ರಸ್ತೆಗೆ ಯಾರೂ ಬರಲಿಲ್ಲ

ನಾನು ಮೈಸೂರಲ್ಲಿ ಓದಿ ಐರ್ಲೆಂಡಿಗೆ ಬಂದ ಡಾಕ್ಟರು. ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ಹೋದ ಚಳಿಗಾಲ ಕಿಲ್ಕೆನ್ನಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬಂದು ಸೇರಿದರು. ಬಿದ್ದು ಸೊಂಟ ಮುರಿದಿತ್ತು, ಅದೇನೋ ಕೂಡಿಕೊಂಡಿತು. ತಲೆಯದ್ದೇ ತಕರಾರು.

ವಾರ, ತಿಂಗಳು, ಪ್ರಧಾನಿ ಎಲ್ಲ ಪಟಪಟ ಹೇಳೋರು. ಆದರೆ ಹರೆಯದಲ್ಲಿ ಅಮೆರಿಕದಲ್ಲಿ ಗಾರೆ ಕೆಲಸ ಮಾಡ್ತಾ, ಸಂಜೆ ಅಲ್ಲಿನ ಸಂಪ್ರದಾಯವಾದಿ ಪಕ್ಷಕ್ಕೆ ಮನೆಮನೆ ಸುತ್ತಿ ಓಟು ಕೇಳಿದ್ದ ಈ ಮನುಷ್ಯನಿಗೆ ಆ ಪಕ್ಷದ ಅತಿ ಪ್ರಸಿದ್ಧ ನಾಯಕನೇ ಗೊತ್ತಿಲ್ಲ. ಲೋಕಕ್ಕೆಲ್ಲ ಗೊತ್ತಿರೋ ಅಧ್ಯಕ್ಷ. ಅಂಥವನೊಬ್ಬ ಇರಲೇ ಇಲ್ಲ ಅನ್ನೋರು.

ಮರೆವು ಅಂದುಕೊಂಡೆ. ಮರೆವಿನವರ ಮಾತಲ್ಲಿ ಅಲ್ಲಲ್ಲಿ ತೂತು ಇರುತ್ತೆ, ಇವರ ಮಾತಲ್ಲಿ ಒಂದೂ ಇರಲಿಲ್ಲ. "ಅವನು ಗೆದ್ದ ಅಂತೀರಲ್ಲ, ಆ ಚುನಾವಣೆ ನಾವು ಸೋತ್ವಿ. ಆಮೇಲೆ ಚರ್ಚಿನವರು ಒಂದು ಕಡೆ, ವ್ಯಾಪಾರಿಗಳು ಒಂದು ಕಡೆ. ಅವರನ್ನ ಒಂದೇ ಮೇಜಿಗೆ ಕೂರಿಸೋ ತಾಕತ್ತಿನವನು ಹುಟ್ಟಲಿಲ್ಲ. ಪಕ್ಷ ಅನ್ನೋದು ಬಜೆಟ್ ಬಗ್ಗೆ ಗೊಣಗೋ ಮುದುಕರ ಕ್ಲಬ್ ಆಯ್ತು. ತೆರಿಗೆ ಇಳೀಲಿಲ್ಲ, ಯೂನಿಯನ್‌ಗಳು ಬಗ್ಗಲಿಲ್ಲ." ಯಾವಾಗ ಕೇಳಿದ್ರೂ ಒಂದಕ್ಷರ ಬದಲಾಗ್ತಿರಲಿಲ್ಲ. ನನಗೆ ನಿಜಕ್ಕೂ ಭಯ ಆಗೋದು.

"ನೀವು ಊರಿಗೆ ವಾಪಸ್ ಬಂದ್ಮೇಲೆ ಆ ಅಧ್ಯಕ್ಷರು ನಿಮ್ಮ ರಸ್ತೇಲೇ ಹೋದ್ರಂತಲ್ಲ ಅಜ್ಜ" ಅಂದೆ.

"ಬಾವುಟ ಹಿಡಿದು ಊರೆಲ್ಲ ನಿಂತಿದ್ವಿ, ನಿಜ. ಯಾರೂ ಬರಲಿಲ್ಲ."

"ಇಲ್ಲದವರಿಗೆ ಬಾವುಟ ಯಾಕೆ ಹಿಡಿದ್ರಿ?"

"ಅದನ್ನೇ ಒಬ್ಬರನ್ನೊಬ್ಬರು ಕೇಳ್ಕೊಂಡು ಮನೆಗೆ ಹೋದ್ವಿ."

ನಮ್ಮ ವಾರ್ಡಿನ ದೊಡ್ಡ ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ರು. ಸುಳ್ಳನ್ನ ಇಷ್ಟು ಗಟ್ಟಿಯಾಗಿ ನಂಬೋರನ್ನ ಮನೆಗೆ ಕಳಿಸೋಕಾಗಲ್ಲ, ಸೋಮವಾರ ಇನ್ನೊಮ್ಮೆ ಪರೀಕ್ಷೆ ಮಾಡ್ತೀನಿ, ಆಗಲೂ ಹೀಗೇ ಅಂದ್ರೆ ನರ್ಸಿಂಗ್ ಹೋಮೇ ಗತಿ ಅಂತ. ಅಜ್ಜನ ಹೆಂಡತಿ ನನ್ನ ಕೈ ಹಿಡ್ಕೊಂಡ್ರು. "ಹೇಗಾದ್ರೂ ಮನೆಗೆ ಕಳಿಸಮ್ಮ. ಅವರಿಲ್ಲದ ಮನೇಲಿ ನನಗೆ ನಿದ್ದೆ ಹತ್ತಲ್ಲ."

ಆಗಲಿ ಅಂದೆ. ಪರೀಕ್ಷೆ ಅಂದ್ರೆ ನಮ್ಮೋರಿಗೆ ಗೊತ್ತಿರೋದು ಒಂದೇ ದಾರಿ, ಬಾಯಿಪಾಠ. ಪಿಯುಸಿ ಮಕ್ಕಳಿಗೆ ಮಾಡಿಸೋ ಹಾಗೆ ಊಟದ ಹೊತ್ತಿಗೆ, ಟೀ ಹೊತ್ತಿಗೆ ನಾನೂ ಅಜ್ಜಿಯೂ ಪಕ್ಕ ಕೂತು ಹೇಳಿಸಿದ್ವಿ. ನಾಯಕನ ಹೆಸರು, ಗೆದ್ದ ಚುನಾವಣೆ, ಊರಿಗೆ ಬಂದ ಕಾರು. "ಸುಳ್ಳು ಹೇಳಿಸ್ತೀಯಲ್ಲ ಮಗಳೇ" ಅಂತ ಅಜ್ಜ ಮೊದಮೊದಲು ಮುಖ ತಿರುಗಿಸೋರು. ಆಮೇಲೆ ಹೇಳೋಕೆ ಶುರು ಮಾಡಿದ್ರು.

ಸೋಮವಾರ ಪಾಸ್. "ಗ್ರ್ಯಾಂಡ್" ಅಂದ್ರು ದೊಡ್ಡ ಡಾಕ್ಟರು, ಇಲ್ಲಿನವರ ಬಾಯಲ್ಲಿ ಎಲ್ಲ ಸರಿ ಇದೆ ಅಂತ.

ಹೊರಡೋ ದಿನ ಅಜ್ಜ ವೀಲ್‌ಚೇರಲ್ಲಿ ಕೂತು ನರ್ಸಿಗೆ ಕಥೆ ಹೇಳ್ತಿದ್ರು. ಕಾರು ಇವರ ಮುಂದೇನೇ ನಿಂತಿತಂತೆ. ನಾಯಕ ಕಿಟಕಿ ಇಳಿಸಿ ಕೈ ಕುಲುಕಿದನಂತೆ, ಕೈ ಬೆಚ್ಚಗಿತ್ತಂತೆ. ಹೇಳ್ತಾ ಹೇಳ್ತಾ ಖುಷಿಗೆ ಕಣ್ಣಲ್ಲಿ ನೀರು. ಇಷ್ಟನ್ನ ನಾವು ಹೇಳಿಕೊಟ್ಟಿರಲಿಲ್ಲ.

ಅಜ್ಜಿ ಕೋಟಿನ ಗುಂಡಿ ಹಾಕ್ಕೊಳ್ತಾ ನನ್ನ ಹತ್ತಿರ ಬಂದ್ರು.

"ಅವತ್ತು ಅವರ ಪಕ್ಕ ನಾನೂ ನಿಂತಿದ್ದೆ ಕಣಮ್ಮ. ರಸ್ತೆ ಖಾಲಿನೇ ಇತ್ತು. ಈಗ ಅದು ಗೊತ್ತಿರೋಳು ನಾನೊಬ್ಬಳೇ."