ಕಂಬಕ್ಕೆ ಕಟ್ಟದ ಕೂಸು

ನಮ್ಮತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಇಳಕಲ್ಲಿನ ಆ ಮನೆಯಲ್ಲಿ ಮಗ್ಗ ತುಳಿದು ತುಳಿದು ಪಾದ ಅಗಲವಾಗಿ, ಬೆರಳುಗಳು ಬಿಡಿಬಿಡಿಯಾಗಿ ನಿಂತಿದ್ದವು. ಅವರನ್ನು ಕಂಡರೆ ಚಪ್ಪಲಿ ಅಂಗಡಿಯವನಿಗೆ ತಲೆನೋವು. ಅತ್ತೆ ಬರಿಗಾಲಲ್ಲೇ ಮನೆಗೆ ಬಂದು, "ನನ್ನ ಕಾಲು ಬರೋಬರಿ ಅದಾವ. ಅವನ ಚಪ್ಪಲಿ ಸಣ್ಣವು" ಎನ್ನುತ್ತಿದ್ದರು. ಸೋತೆ ಅನ್ನುವ ಮಾತು ಆ ಬಾಯಲ್ಲಿ ಬರುವಂಥದ್ದಲ್ಲ. ಬಾದಾಮಿ ಕಡೆಯ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದ ನನಗೆ ಮೊದಮೊದಲು ಆ ಬಾಯಿಯದೇ ಹೆದರಿಕೆ.

ನೇಕಾರರ ಮನೆಯಲ್ಲಿ ಹರಿದಾಡುವ ಕೂಸೆಂದರೆ ದೊಡ್ಡ ತಾಪತ್ರಯ. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಮನೆಯೊಳಗೇ ಇರುತ್ತದೆ, ಸುತ್ತೆಲ್ಲ ನೂಲು. ಹಾಗಾಗಿ ಹಳೆ ಸೀರೆಯ ಪಟ್ಟಿಯನ್ನು ಕೂಸಿನ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟುವುದು ನಮ್ಮ ಓಣಿಯ ರೂಢಿ. ಎಂಬತ್ತರ ದಶಕದ ಆರಂಭದಲ್ಲಿ ನನ್ನ ಮಗ ಹರಿದಾಡತೊಡಗಿದಾಗ ನಾನೂ ಒಂದು ಸೀರೆ ಹರಿದೆ. ಅತ್ತೆ ಅದನ್ನು ಕಸಿದುಕೊಂಡು ನೆಲ ಒರೆಸಲು ಹಾಕಿದರು.

"ನನ್ನ ಮಕ್ಕಳ್ನ ಕಂಬಕ್ಕ ಕಟ್ಟೇ ಬೆಳಸೇನಿ. ಯಾರು ಯಾವಾಗ ಎದ್ದು ನಿಂತ್ರು, ನಾ ನೋಡಿಲ್ಲ. ಬೆನ್ನು ಮಾಡಿ ನೇಯಕೋತ ಕುಂತಿದ್ದೆ. ಇವಂದರ ನೋಡ್ತೇನಿ."

ಅಂದಿನಿಂದ ಮಗ್ಗ ಬಿಟ್ಟು ಎದ್ದಾಗಲೆಲ್ಲ ಅವರು ಕುಣಿಗೆ ಹಲಗೆ ಮುಚ್ಚುವರು. ನೆಲಕ್ಕೆ ಹಾಸಿದ್ದ ಚಾಪೆ ತೆಗೆಸಿದರು, ಅದು ಜಾರುತ್ತದಂತೆ. ನೂಲು ಮುಗಿದ ಕಂಡಿಕೆಯ ಕೊಳವೆಯೊಂದನ್ನು ದೂರ ಉರುಳಿಸಿ ಸುಮ್ಮನೆ ಕೂರುವರು. ಹುಡುಗ ಹೊಟ್ಟೆ ಎಳೆದುಕೊಂಡು ಹೋಗಿ ತಾನೇ ಅದನ್ನು ಹಿಡಿಯಬೇಕು. ಕನಿಕರಪಟ್ಟು ನಾನು ಎತ್ತಿ ಅವನ ಕೈಗಿಟ್ಟರೆ ಸಂಜೆಯವರೆಗೂ ಬೈಗುಳ.

ಆದರೆ ಹುಡುಗ ನಿಲ್ಲಲೊಲ್ಲ. ವರ್ಷ ತುಂಬಿ ಮಳೆಗಾಲವೂ ಮುಗಿಯಿತು. ಓರಗೆಯ ಕೂಸುಗಳು ಓಣಿ ತುಂಬ ಓಡಾಡುತ್ತಿದ್ದವು, ಇವನು ಇನ್ನೂ ನೆಲ ಬಿಟ್ಟಿರಲಿಲ್ಲ. ಬಾಗಲಕೋಟೆಯ ಡಾಕ್ಟರು ಕಾಲು ಮಡಚಿ, ಚಾಚಿ ನೋಡಿ, ಏನೂ ದೋಷವಿಲ್ಲ, ಕಾಯಿರಿ ಎಂದರು. ಕಾಯುವುದೇ ನನ್ನಿಂದ ಆಗುತ್ತಿರಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿ ಸೊಂಟದಮಟ ಮರಳಲ್ಲಿ ನಿಲ್ಲಿಸಿರೆಂದು ನೆರೆಯವರು ಹೇಳಿದರು, ಅತ್ತೆ ಬಿಡಲಿಲ್ಲ. ಮೈದುನ ಸೊಲ್ಲಾಪುರದಿಂದ ವಾಕರ್ ತಂದ. ನಡುವೆ ಬಟ್ಟೆಯ ಆಸನ, ಕೆಳಗೆ ಗಾಲಿ, ಚೆಂದವೇ ಇತ್ತು. ಅತ್ತೆ ಅದರ ಮೇಲೆ ಬಣ್ಣ ಹಾಕಿದ ನೂಲು ಒಣಹಾಕಿದರು.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ನಿಮ್ಮ ಹಟಕ್ಕ ನನ್ನ ಮಗ ಕುಂತಲ್ಲೇ ಉಳದ್ರ ಏನ್ ಮಾಡ್ತೀರಿ ಅತ್ತಿ?" ಎಂದು ಕೂಗಿಬಿಟ್ಟೆ. ಅಂದು ಅತ್ತೆ ಹುಡುಗನ ಕಾಲು ನೀವುತ್ತ ಕೂತರು. ಊಟವನ್ನೂ ಮಾಡಲಿಲ್ಲ. ಹೆದರಿಕೆ ನನಗೊಬ್ಬಳಿಗೇ ಅಲ್ಲವೆಂದು ಆಗ ತಿಳಿಯಿತು.

ಕೆಲ ದಿನಗಳ ಮೇಲೆ ಅತ್ತೆ ಕುಣಿಯಲ್ಲಿ ಕೂತು ಯಾರದೋ ಮದುವೆಯ ಸೀರೆ ನೇಯುತ್ತಿದ್ದರು. ಹುಡುಗ ಹರಿದು ಬಂದು ಮಗ್ಗದ ಮೇಲೆ ಬಿಗಿದಿದ್ದ ಹಾಸಿನ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಮೊಣಕಾಲೂರಿದ. ಎಳೆ ಪಟಪಟ ಹರಿದವು. ನಾನು ಓಡಿದೆ.

"ಕೈ ಹಚ್ಚಬ್ಯಾಡ!"

ನನ್ನನ್ನು ತಡೆದ ಅತ್ತೆ ಲಾಳಿ ಬಿಟ್ಟು ಅಲುಗಾಡದೆ ಕೂತಿದ್ದರು. ಅವನು ಇನ್ನೊಂದು ಕೈಯಿಂದ ಮಗ್ಗದ ಕಂಬ ತಬ್ಬಿದ, ಎದ್ದ, ಕುಸಿದ. ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಎದ್ದ. ಮೊಣಕಾಲು ಗಡಗಡ ನಡುಗುತ್ತಿದ್ದವು, ಆದರೂ ನಿಂತ. ಕುಣಿಯಲ್ಲಿದ್ದ ಅತ್ತೆಯ ಮುಖಕ್ಕೆ ಅವನ ಮುಖ ಸರಿಸಮ ಬಂತು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಿಂತ್ನಲ್ಲವಾ! ನೋಡಿದೆ, ನಾ ಖರೇನ ನೋಡಿದೆ" ಎಂದರು. ಮರುಗಳಿಗೆಯೇ "ಕಳ್ಳ, ಹಾಸು ಹಾಳು ಮಾಡಿದ" ಎಂದು ಬೈದು, ಸಂಜೆಯವರೆಗೂ ಎಳೆಗೆ ಎಳೆ ಹೊಸೆಯುತ್ತ ಕೂತರು. ಅಷ್ಟು ಸಂತೋಷದಿಂದ ಕೆಲಸ ಮಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅತ್ತೆ ತೀರಿಕೊಂಡಾಗ, ಅವರನ್ನು ಆಯಿ ಎನ್ನುತ್ತಿದ್ದ ಹುಡುಗ ಇನ್ನೂ ಸಾಲೆಗೆ ಸೇರಿರಲಿಲ್ಲ. ಸ್ಮಶಾನ ಊರಾಚೆ, ದಾರಿಯೆಲ್ಲ ಕಾಲಿಗೆ ಚುಚ್ಚುವ ಗರಸುಕಲ್ಲು. ಮೈದುನ ಅವನನ್ನು ಹೆಗಲಿಗೇರಿಸಲು ಬಗ್ಗಿದ. ಗಂಡಸರ ಗುಂಪಿನ ಮುಂದೆ ಎಂದೂ ಮಾತಾಡದ ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಎತ್ತಬ್ಯಾಡ್ರಿ. ಅವ ತನ್ನ ಆಯಿ ಸಂಗಾಟ ನಡಕೋತನ ಹೋಗಲಿ."

ಓಣಿಯ ತಿರುವಿನಲ್ಲಿ ಹುಡುಗ ಎಡವಿ ಬಿದ್ದ. ಪಕ್ಕದವರು ಬಗ್ಗುವಷ್ಟರಲ್ಲಿ ಕೈಯೂರಿ ತಾನೇ ಎದ್ದು, ಆಯಿಯ ಹಿಂದೆ ನಡೆದ.